ಸಂಕಲ್ಪದಲ್ಲಿ ಬಂದ ಹೆಸರು

ಇಪ್ಪತ್ತೆರಡು ವರ್ಷ, ಏಳು ಬಾಡಿಗೆ ಮನೆ. ಭೇಲೂಪುರದ ಗಲ್ಲಿಗಳಲ್ಲಿ "ಖಾಲೀ ಕರೋ" ಎಂಬ ಮಾತು ಕೇಳಿ ಕೇಳಿ ಕಿವಿ ತೂತಾದವಳು ಈ ಅನಂತಲಕ್ಷ್ಮಿ. ಹಟ ಹಿಡಿದು, ಗಂಗೆಯ ಆಚೆ ರಾಮನಗರದಲ್ಲಿ ಹೊಸದಾಗಿ ಎದ್ದ ಕಟ್ಟಡದ ಮೂರನೇ ಮಹಡಿಯಲ್ಲಿ ಫ್ಲ್ಯಾಟ್ ಕೊಳ್ಳಿಸಿದವಳೂ ನಾನೇ.

"ಈ ದಡದಲ್ಲಿ ಸತ್ತರೆ ಮೋಕ್ಷ, ಆಚೆ ದಡದಲ್ಲಿ ಸತ್ತರೆ ಕತ್ತೆ ಜನ್ಮವಂತೆ ಕಣೇ," ಎಂದು ನಮ್ಮ ಮನೆಯವರು ಗೊಣಗಿದರು.

"ಸಾಯಲಿಕ್ಕಲ್ಲ ರೀ, ಬದುಕಲಿಕ್ಕೆ ಮನೆ!" ಎಂದೆ.

ನಮ್ಮ ಮನೆಯವರು ಪವಮಾನಾಚಾರ್ಯರು. ಕರ್ನಾಟಕದಿಂದ ಬಂದ ಯಾತ್ರಿಕರಿಗೆ ಘಾಟಿನಲ್ಲಿ ಪಿಂಡದಾನ ಮಾಡಿಸುವುದು ಅವರ ಕಸುಬು. ದೇವರ ಕೆಲಸಕ್ಕೆ ಅಕ್ಷತೆ, ಜನಿವಾರ ಎಡ ಹೆಗಲಿಗೆ. ಸತ್ತವರ ಕೆಲಸಕ್ಕೆ ಎಳ್ಳು, ಜನಿವಾರ ಬಲ ಹೆಗಲಿಗೆ. ದಿನಾ ಹತ್ತು ಜನಕ್ಕೆ ಹೇಳಿಕೊಟ್ಟು ಇವರ ಕೈ ತಾನಾಗಿಯೇ ಎಳ್ಳಿನತ್ತ, ಬಲ ಹೆಗಲಿನತ್ತ ಹೋಗುತ್ತಿತ್ತು.

ಗೃಹಪ್ರವೇಶದ ದಿನವೂ, ಬೇಡವೆಂದರೂ ಕೇಳದೆ, ಬೆಳಿಗ್ಗೆ ಒಂದು ಪಿಂಡದಾನ ಮುಗಿಸಿಯೇ ಬಂದರು ಪುಣ್ಯಾತ್ಮರು. ಹೋಮಕ್ಕೆ ಕೂತು, ಸಂಕಲ್ಪದಲ್ಲಿ ಮನೆಯ ಯಜಮಾನನ ಹೆಸರು ಹೇಳುವಲ್ಲಿ, "ಕಾಶ್ಯಪ ಗೋತ್ರದ ಪದ್ಮನಾಭ" ಎಂದುಬಿಟ್ಟರು. ಬೆಳಿಗ್ಗೆ ಯಾರಿಗೆ ಪಿಂಡ ಇಡಿಸಿದ್ದರೋ, ಆ ಸತ್ತುಹೋದ ಬಾಗಲಕೋಟೆಯ ಮುದುಕನ ಹೆಸರದು! ನಾನು ಪಕ್ಕೆಗೆ ತಿವಿದೆ.

"ಬಾಯಿ ತಪ್ಪಿತು. ದೇವರಿಗೆ ಅರ್ಥವಾಗುತ್ತೆ ಬಿಡೆ," ಎಂದು ಮುಂದುವರಿಸಿದರು.

ಮರುದಿನ ಸಂಜೆ ತರಕಾರಿ ತಂದರೆ ಕಾವಲುಗಾರ ನಗುತ್ತಾ ಎದ್ದ. "ಮಾತಾಜೀ, ಬಾಬೂಜೀ ಆ ಗಯೇ. ಬೋಲೇ, ಮೇರಾ ಘರ್ ಹೈ." ಹಿರಿಯರು ಬಂದಿದ್ದಾರೆ, ಇದು ನನ್ನ ಮನೆ ಎಂದರು ಅಂತ! ಯಾವ ಮುದುಕ, ಯಾರ ಮನೆ? ನನ್ನ ಅಪ್ಪ, ಮಾವ ಇಬ್ಬರೂ ಎಂದೋ ಹೋದವರು. ಮೇಲೆ ಬಂದು ನೋಡಿದೆ. ಬೀಗ ಹಾಕಿದ ಹಾಗೇ ಇತ್ತು. ಹೊಸ್ತಿಲ ಬಳಿ ಒದ್ದೆ ಹೆಜ್ಜೆಗಳಿದ್ದವು, ಎಲ್ಲವೂ ಒಳಕ್ಕೆ ಹೋಗುವವು.

ನಾಲ್ಕನೆಯ ದಿನ ಹಾಡಹಗಲೇ ಕಂಡ. ಒದ್ದೆ ಪಂಚೆಯ ಮುದುಕ, ಮನೆ ಕೊಳ್ಳಲು ಬಂದವರು ನೋಡುವ ಹಾಗೆ ಗೋಡೆಗೆ ಗೆಣ್ಣು ಬಡಿದು ನೋಡುತ್ತಿದ್ದ. ಆಮೇಲೆ ಮೂಲೆಯ ಚಾಪೆಯ ಮೇಲೆ ಕೂತ. ನನ್ನತ್ತ ಕಣ್ಣೆತ್ತಲೂ ಇಲ್ಲ. ಬಾಡಿಗೆಯವರನ್ನು ಮಾಲೀಕರು ನೋಡುವುದೇ ಹೀಗೆ, ನನಗೆ ಗೊತ್ತಿಲ್ಲವೇ? ಹೆದರಿಕೆಗಿಂತ ಹೆಚ್ಚಾಗಿ ಹೊಟ್ಟೆ ಉರಿಯಿತು.

ನಮ್ಮ ಮನೆಯವರು ಬಂದು ನೋಡಿ ಬಿಳಿಚಿಕೊಂಡರು. "ಪಿಂಡದ ಹತ್ತಿರ ಇಟ್ಟಿದ್ದ ಫೋಟೋದಲ್ಲಿದ್ದವರು ಇವರೇ ಕಣೇ. ಸಂಕಲ್ಪದಲ್ಲಿ ಇವರನ್ನೇ ಮನೆಗೆ ಯಜಮಾನ ಮಾಡಿಬಿಟ್ಟೆ. ನಡಿ, ಭೇಲೂಪುರಕ್ಕೇ ಹೋಗೋಣ."

"ಎಂಟನೇ ಬಾಡಿಗೆ ಮನೆಗಾ? ಪ್ರಾಣ ಹೋದರೂ ನಾನು ಬರೋದಿಲ್ಲ! ರಿಜಿಸ್ಟ್ರಿ ನನ್ನ ಹೆಸರಲ್ಲಿದೆ. ಸಂಕಲ್ಪವೂ ನನ್ನ ಹೆಸರಲ್ಲೇ ಆಗಲಿ. ಈಗಲೇ ಕೂತ್ಕೊಳ್ಳಿ."

ಕೂತರು. ಈ ಸಲ ಹೆಸರು ತಪ್ಪಬಾರದೆಂದು ನಾನು ಕಣ್ಣು ಮುಚ್ಚಿ, ಕಿವಿಯೆಲ್ಲ ಅಲ್ಲೇ ಇಟ್ಟು ಕೂತೆ. ನನ್ನ ಗೋತ್ರ ಸರಿಯಾಗಿ ಬಂತು. ಅನಂತಲಕ್ಷ್ಮಿ ಎಂಬ ಹೆಸರೂ ಸ್ಪಷ್ಟವಾಗಿ ಬಂತು. ಅಬ್ಬಾ, ಮನೆ ನನ್ನದಾಯಿತು ಎಂದು ಕಣ್ಣು ಬಿಟ್ಟೆ.

ಅವರ ಅಂಗೈಯಲ್ಲಿ ಕರಿ ಎಳ್ಳಿತ್ತು. ಜನಿವಾರ ಬಲ ಹೆಗಲ ಮೇಲಿತ್ತು.

"ರೀ," ಎಂದೆ. "ರೀ, ಇಲ್ಲಿ ನೋಡಿ!" ಎಂದು ಕಿರುಚಿದೆ. ಅವರು ನಾನು ಕೂತ ಜಾಗವನ್ನೇ ದಿಟ್ಟಿಸುತ್ತ, "ಲಕ್ಷ್ಮೀ, ಎಲ್ಲಿ ಹೋದೆಯೇ?" ಎಂದು ಕೂಗಿದರು.

ಮೂಲೆಯ ಮುದುಕ ಮೊದಲ ಸಲ ನನ್ನನ್ನು ನೋಡಿದ. ಚಾಪೆಯಲ್ಲಿ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟ.

"ಬಾ ತಂಗಿ, ಕೂಡ್ರು," ಎಂದ. "ಇನ್ನ ನಮ್ಮನ್ನ ಯಾರೂ ಖಾಲಿ ಮಾಡಸೂದಿಲ್ಲ."