ಡೆಸ್ಮಂಡನ ಪುಕ್ಕಟೆ ತಿಂಗಳುಗಳು

ದೇಶ ಸುತ್ತು, ಇಲ್ಲವೇ ಊರವರ ತಲೆ ಸುತ್ತಿಸು. ಗಾದೆ ಹೀಗಲ್ಲ ಎಂದು ತಿದ್ದಲು ಬರಬೇಡಿ. ಯಾರ್ಕ್‌ಷೈರಿನ ಬಾರ್ನ್ಸ್ಲಿಯ ನಮ್ಮ ಕ್ಲಬ್ಬಿನಲ್ಲಿ ಒಂದೇ ಒಂದು ಸಂಜೆ ಡೆಸ್ಮಂಡ್ ಹೆಪ್‌ವರ್ತ್‌ನ ಎದುರು ಕೂತು ಎದ್ದವರು ಯಾರಾದರೂ ಇದೇ ಸರಿಯಾದ ಪಾಠ ಎನ್ನುತ್ತಾರೆ. ಈಗ ಹೇಳಹೊರಟಿರುವುದು ನಡೆದ ಸಂಗತಿ. ಸುಳ್ಳಾಗಿದ್ದರೆ ಇದಕ್ಕಿಂತ ಚೆನ್ನಾಗಿ ಮುಗಿಸುತ್ತಿದ್ದೆ.

ಡೆಸ್ಮಂಡ್ ಬಸ್ ಓಡಿಸಿ ನಿವೃತ್ತನಾದವನು. ಸ್ಪೇನಿನ ಕಡಲತೀರದಲ್ಲಿ ಹಲವು ಬೇಸಿಗೆ ಮೈ ಸುಟ್ಟುಕೊಂಡಿದ್ದ. ಗ್ರೀಸಿಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ. ಆದರೂ ಗ್ರೀಸಿಗೆ ಹೊರಟವರು ಇವನ ಬುದ್ಧಿಮಾತು ಕೇಳದೆ ಊರು ದಾಟುವಂತಿರಲಿಲ್ಲ. ಪ್ರತಿ ವಾಕ್ಯವನ್ನೂ ನಿಲ್ದಾಣದ ಹೆಸರು ಕೂಗುವಂತೆ ಎಳೆಯುತ್ತಿದ್ದ.

"ಕಕ್ಕಸಿನ ಕಾಗದ ಗುಂಡಿಗೆ ಹಾಕ್ಬೇಡೀ! ಪಕ್ಕದಲ್ಲಿ ಬುಟ್ಟಿ ಇರುತ್ತೇ! ಅಲ್ಲಿ ಕೊಳವೆ ನಿಮ್ಮ ಹೆಬ್ಬೆರಳಿನಷ್ಟೇ ದಪ್ಪಾ! ಕೇಳದೇ ಇದ್ರೂ ಬ್ರೆಡ್ ತಂದಿಡ್ತಾರೇ, ಬಿಲ್ಲಲ್ಲಿ ಸೇರಿಸ್ತಾರೇ! ಯಾರಿಗೂ ಅಂಗೈ ಚಾಚಿ 'ಐದು ಬಿಯರ್' ಅಂತ ತೋರಿಸ್ಬೇಡೀ! ಅವರಿಗದು ಮುಖಕ್ಕೆ ಮಸಿ ಬಳಿದ ಹಾಗೇ!"

"ಹಾಗಾದ್ರೆ ಐದು ಬಿಯರ್ ಹೇಗಪ್ಪಾ ಕೇಳೋದು?" ಎಂದ ಕ್ಲೈವ್.

"ನಾಲ್ಕು ಕುಡಿ. ಆಮೇಲೆ ಒಂದು ಕೇಳು."

ಈ ಕ್ಲೈವ್ ಅಟ್ಲಿ ನಮ್ಮ ಕ್ಲಬ್ಬಿನ ಬಿಂಗೋ ಆಟದಲ್ಲಿ ಅಂಕಿ ಕೂಗುವವನು. ಯಾರ ದನಿಯನ್ನಾದರೂ ಕದಿಯುತ್ತಿದ್ದ. ಪಾದ್ರಿಯ ದನಿಯಲ್ಲಿ ಬಿಯರ್ ಕೇಳುತ್ತಿದ್ದ, ಹೆಂಡತಿ ಮೌರೀನಳ ದನಿಯಲ್ಲಿ ತನ್ನನ್ನೇ ಬೈದುಕೊಳ್ಳುತ್ತಿದ್ದ. ಆ ಜೂನ್ ತಿಂಗಳಲ್ಲಿ ಕ್ಲೈವ್, ಮೌರೀನ್, ನಾನು, ಡೆಸ್ಮಂಡ್ ನಾಲ್ವರೂ ಒಂದು ವಾರ ಗ್ರೀಸಿನ ಕ್ರೀಟ್ ದ್ವೀಪಕ್ಕೆ ಹೋಗುವುದೆಂದು ಟಿಕೆಟ್ ತೆಗೆಸಿದ್ದೆವು.

ಡೆಸ್ಮಂಡ್ ಬಿಸಿಲಿಗೆ ಹೊರಟವನಲ್ಲ. ಅವನ ತಮ್ಮ ನೆವಿಲ್ ಅಲ್ಲಿ ಗ್ರೀಕ್ ಹೆಣ್ಣನ್ನು ಮದುವೆಯಾಗಿ ನೆಲೆಸಿದ್ದ. ತಾಯಿ ಸತ್ತಾಗ ಮಣ್ಣಿಗೆ ಬಾರದೆ ಹೂವಿನ ಚಕ್ರವೊಂದನ್ನು ಮಾತ್ರ ಕಳಿಸಿದ್ದ. ಡೆಸ್ಮಂಡ್ ಅದನ್ನು ಚರ್ಚಿನ ಹಿತ್ತಿಲ ಕಸದ ತೊಟ್ಟಿಗೆ ಹಾಕಿ, ಹಾಕಿದೆನೆಂದು ಫೋನ್ ಮಾಡಿಯೂ ಹೇಳಿದ್ದ. ಆಮೇಲೆ ಹದಿನಾರು ವರ್ಷ ಮಾತಿಲ್ಲ. ಈಗ ಅಣ್ಣನೇ ಬರುತ್ತೇನೆಂದು ಹೇಳಿಕಳಿಸಿದ್ದ. ಪ್ಲಗ್ಗು, ಬಿಸಿಲಿನ ಎಣ್ಣೆ, ಸೊಳ್ಳೆಯ ಔಷಧ ಎಂದು ಇವನು ಬಡಬಡಿಸಿದಷ್ಟೂ ಎದೆಯಲ್ಲಿ ಕೂತಿದ್ದವನು ತಮ್ಮನೇ ಎಂಬುದು ನಮಗೆಲ್ಲ ಗೊತ್ತಿತ್ತು.

ಅವನ ಎಲ್ಲ ಬುದ್ಧಿಮಾತುಗಳಿಗೂ ಕಿರೀಟವೆಂಬಂತೆ ಒಂದಿತ್ತು: ಪಾಸ್‌ಪೋರ್ಟ್ ಅವಧಿಗೆ ಮೊದಲೇ ಬದಲಾಯಿಸು. ಆ ಕಾಲದಲ್ಲಿ ಹಾಗೆ ಬದಲಾಯಿಸಿದರೆ ಹಳೆಯದರಲ್ಲಿ ಉಳಿದ ತಿಂಗಳುಗಳನ್ನು ಸರ್ಕಾರ ಹೊಸದಕ್ಕೆ ಸೇರಿಸಿ ಕೊಡುತ್ತಿತ್ತು. ಡೆಸ್ಮಂಡನಿಗೆ ಒಂಬತ್ತು ತಿಂಗಳು ಸಿಕ್ಕಿತ್ತು. ಯಾರ್ಕ್‌ಷೈರಿನವನಿಗೆ ಸರ್ಕಾರದಿಂದ ಪುಕ್ಕಟೆಯಾಗಿ ಏನಾದರೂ ಸಿಕ್ಕರೆ ಅವನು ಅದನ್ನು ಮೊಮ್ಮಕ್ಕಳ ಫೋಟೋದಂತೆ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಾನೆ.

"ನೋಡ್ರೋ, ನವೆಂಬರ್! ಫೆಬ್ರವರಿಗೇ ಮುಗೀಬೇಕಿತ್ತು, ನವೆಂಬರ್ ತನಕ ಕೊಟ್ಟಿದ್ದಾರೇ!"

ಹೊರಡಲು ಇನ್ನೂ ಮೂರು ವಾರವಿದ್ದಾಗ, ಕ್ಲಬ್ಬಿನಲ್ಲಿ ನಿಂತಿದ್ದ ಡೆಸ್ಮಂಡನ ಫೋನು ಬಡಿದುಕೊಂಡಿತು. ಒಳಗೆ ಪೀಪಾಯಿಗಳ ಕೋಣೆಯಲ್ಲಿ ಕ್ಲೈವ್ ಮೌರೀನಳ ಅಕ್ಕನ ಫೋನು ಹಿಡಿದು, ಮೂಗು ಅದುಮಿಕೊಂಡು, ವಿಮಾನ ಕಂಪನಿಯ ಹೆಣ್ಣುಮಗಳಾಗಿದ್ದ.

"ಮಿಸ್ಟರ್ ಹೆಪ್‌ವರ್ತ್, ತಮ್ಮ ಪಾಸ್‌ಪೋರ್ಟಿಗೆ ಹತ್ತು ವರ್ಷ ತುಂಬಿದೆಯಲ್ಲಾ ಸರ್? ಅದರಲ್ಲಿ ಗ್ರೀಸಿಗೆ ಬಿಡೋದಿಲ್ಲ."

"ಯಾರ್ ಹೇಳಿದ್ದು ಕಣಮ್ಮಾ? ನವೆಂಬರ್ ತನಕ ಇದೆ! ಒಂಬತ್ತು ತಿಂಗಳು ಮೇಲೆ ಕೊಟ್ಟಿದ್ದಾರೆ!"

"ಆ ಒಂಬತ್ತು ತಿಂಗಳನ್ನ ಅವರು ಒಪ್ಪಲ್ಲ ಸರ್. ಒಂಬತ್ತು ತಿಂಗಳು ಆದ್ಮೇಲೆ ಏನಾದ್ರೂ ಹೊರಗೆ ಬರಬೇಕು ಅಂತಾರೆ."

ಇಷ್ಟಕ್ಕೇ ಡೆಸ್ಮಂಡನಿಗೆ ತಿಳಿಯಬೇಕಿತ್ತು. ತಿಳಿಯಲಿಲ್ಲ. ಕುರ್ಚಿಯನ್ನು ಕೈಯಲ್ಲಿ ಹುಡುಕಿ ಕೂತ. "ಅಲ್ಲಮ್ಮಾ, ನನ್ನ ತಮ್ಮ..." ಎಂದ. ಎಳೆಯುವ ರಾಗವೆಲ್ಲ ಹೋಗಿತ್ತು. ಮೌರೀನ್‌ಗೆ ತಡೆಯಲಾಗಲಿಲ್ಲ. "ಸಾಕು ಬಾರೋ ಆಚೆ, ಕೋತಿ!" ಎಂದು ಬಾಗಿಲು ತೆಗೆದಳು. ಮೂಗು ಹಿಡಿದುಕೊಂಡೇ ಕ್ಲೈವ್ ಹೊರಬಂದ. ಡೆಸ್ಮಂಡ್ ಒದ್ದೆ ಬಟ್ಟೆ ಹಿಡಿದು ಬಿಲಿಯರ್ಡ್ಸ್ ಮೇಜಿನ ಸುತ್ತ ಅವನನ್ನು ಅಟ್ಟಿಸಿಕೊಂಡು ಹೋದ.

ಕ್ಲೈವ್ ಆ ನಿಯಮವನ್ನು ಎಲ್ಲಿಯೂ ಓದಿ ತಂದಿರಲಿಲ್ಲ. ಡೆಸ್ಮಂಡನ ಜಂಬ ಎಲ್ಲಿ ಊದಿಕೊಂಡಿತ್ತೋ ಅಲ್ಲಿಗೆ ಸೂಜಿ ಚುಚ್ಚಿದ್ದ, ಅಷ್ಟೇ. ಅದು ನಮ್ಮಲ್ಲಿ ತಮಾಷೆಯಾಗಿ ಉಳಿಯಿತು. ತಮಾಷೆಯನ್ನು ಯಾರು ಹೋಗಿ ನಿಜವೇ ಎಂದು ವಿಚಾರಿಸುತ್ತಾರೆ?

ಹೊರಡುವ ವಾರ ನೆವಿಲ್‌ನ ಹೆಂಡತಿ ಎಲೆನಿ ಫೋನ್ ಮಾಡಿದಳು. ನಾನು ಆಗ ಡೆಸ್ಮಂಡನ ಅಡುಗೆಮನೆಯಲ್ಲಿದ್ದೆ. ಅವನು ನನಗೂ ಕೇಳಲೆಂದು ಫೋನನ್ನು ಮೇಜಿನ ಮೇಲಿಟ್ಟ.

"ಭಾವ, ನೆವಿಲ್ ಆಸ್ಪತ್ರೇಲಿದ್ದಾನೆ. ಪಿತ್ತಕೋಶದ ಕ್ಯಾನ್ಸರ್ ಎಲ್ಲಾ ಕಡೆ ಹಬ್ಬಿದೆ. ನಿಮಗೆ ಹೇಳ್ಬೇಡ ಅಂತಿದ್ದ. ಶನಿವಾರ ಬರ್ತೀರಲ್ಲ? ಡಾಕ್ಟ್ರು ಶನಿವಾರದವರೆಗಿನ ಮಾತಷ್ಟೇ ಆಡ್ತಿದ್ದಾರೆ."

ಆಮೇಲೆ ಒಂದು ಸಣ್ಣ ದನಿ, ಬಾವಿಯೊಳಗಿಂದ ಬಂದಂತೆ: "ಡೆಸ್, ಟೀ ತಗೊಂಬಾರೋ. ಇಲ್ಲೀದು ಹುಲ್ಲು."

"ತರ್ತೀನಿ ಕಣೋ. ಎಷ್ಟು ಬೇಕೋ ಅಷ್ಟು ತರ್ತೀನಿ. ನೀನು ಇರು."

ಫೋನಿಟ್ಟ ಮೇಲೆ ನನ್ನ ಕಡೆ ತಿರುಗಿ, "ಅದೃಷ್ಟ ನೋಡು, ಟಿಕೆಟ್ ಮೊದಲೇ ಇದೆ," ಎಂದ.

ಶನಿವಾರ ಬೆಳಿಗ್ಗೆ ವಿಮಾನ ನಿಲ್ದಾಣದ ಸಾಲಿನಲ್ಲಿ ಅವನೇ ಮೊದಲು. ಯಾರಿಗೂ ಬುದ್ಧಿ ಹೇಳಲಿಲ್ಲ. ಕೌಂಟರಿನ ಹಿಂದಿನ ಹುಡುಗಿ ಪಾಸ್‌ಪೋರ್ಟ್ ತೆರೆದಳು, ಮುಂದೆ ನೋಡಿದಳು, ಹಿಂದೆ ನೋಡಿದಳು, ಪರದೆ ನೋಡಿದಳು.

"ಸಾರಿ ಸರ್. ಇದನ್ನ ಕೊಟ್ಟು ಹತ್ತು ವರ್ಷ ದಾಟಿದೆ. ಇದರಲ್ಲಿ ಗ್ರೀಸಿಗೆ ಬಿಡೋದಿಲ್ಲ."

ಡೆಸ್ಮಂಡ್ ಅವಳನ್ನು ನೋಡಿದ. ನಿಧಾನವಾಗಿ ತಿರುಗಿ ಕ್ಲೈವ್‌ನನ್ನು ನೋಡಿದ. ಅವನ ಮುಖ ಅರಳಿತು. ಎಲೆನಿಯ ಫೋನ್ ಬಂದ ದಿನದಿಂದ ಅದು ಅರಳಿರಲಿಲ್ಲ.

"ಥೂ ಕಳ್ಳ ನನ್ಮಗನೇ! ಇವತ್ತೂ ಬಿಡಲ್ವೇನೋ? ಈ ಹುಡುಗೀಗೆ ಎಷ್ಟು ಕೊಟ್ಟೆ?"

"ಡೆಸ್, ನಾನಲ್ಲ ಮಾರಾಯಾ."

"ನವೆಂಬರ್ ತನಕ ಇದೆ ಕಣಮ್ಮಾ. ಇವನು ಹೇಳಿಕೊಟ್ಟಿದ್ದು ತಾನೆ? ಒಂಬತ್ತು ತಿಂಗಳ ಮಾತೂ ಹೇಳಿಬಿಡು, ನೋಡೋಣ!"

"ಆ ಮೇಲಿನ ತಿಂಗಳುಗಳು ಅಲ್ಲಿ ಲೆಕ್ಕಕ್ಕೆ ಬರಲ್ಲ ಸರ್," ಎಂದಳು ಹುಡುಗಿ ಮೆಲ್ಲಗೆ. "ಕೊಟ್ಟ ದಿನದಿಂದ ಹತ್ತು ವರ್ಷ. ಅಷ್ಟೇ."

ಡೆಸ್ಮಂಡ್ ಕೌಂಟರಿಗೆ ಕೈ ಬಡಿದು ನಕ್ಕ. ಕ್ಲೈವ್ ಬೆಳ್ಳಗಾಗಿದ್ದ. "ನಮ್ಮಮ್ಮನಾಣೆ ಡೆಸ್, ನಾನಲ್ಲ! ನನಗೆ ಗೊತ್ತೇ ಇರಲಿಲ್ಲ!" ಎಂದು ಅವನು ಆಣೆ ಇಟ್ಟಷ್ಟೂ ಡೆಸ್ಮಂಡನ ನಗು ಏರಿತು. ಅಷ್ಟು ಚೆನ್ನಾಗಿ ನಟಿಸುವವನನ್ನು ಅವನು ಎಂದೂ ಕಂಡಿರಲಿಲ್ಲವಂತೆ. ಮೇಲ್ವಿಚಾರಕನೊಬ್ಬ ಬಂದ. ಕೊರಳಲ್ಲಿ ಗುರುತಿನ ಚೀಟಿ, ಕಂಕುಳಲ್ಲಿ ಬೆವರು. ಅದೇ ಮಾತು ಹೇಳಿದ. ಹೊಸ ಪಾಸ್‌ಪೋರ್ಟ್ ಎಷ್ಟು ಬೇಗವೆಂದರೂ ಮುಂದಿನ ವಾರವೇ, ಇವತ್ತು ಕಚೇರಿಯೂ ಇಲ್ಲ ಎಂದ.

"ಇವನನ್ನೂ ಸೇರಿಸ್ಕೊಂಡೆಯಾ!" ಎಂದ ಡೆಸ್ಮಂಡ್.

ಹಿಂದೆ ಸಾಲಿನಲ್ಲಿದ್ದವರು, ಹ್ಯಾಟು ತೊಟ್ಟ ದಂಪತಿ, ಮಕ್ಕಳ ತಳ್ಳುಗಾಡಿಯ ತಾಯಿ, ಬೆಳಿಗ್ಗೆಯೇ ಬಿಯರ್ ಏರಿಸಿದ್ದ ಹುಡುಗರು, ಯಾಕೆಂದು ತಿಳಿಯದೆಯೇ ನಗತೊಡಗಿದರು. ಅವನ ನಗು ಅಂಥದ್ದು. ಮೌರೀನ್ ಅವನ ತೋಳು ಹಿಡಿದು, "ಡೆಸ್, ಇದು ನಿಜ ಕಣೋ," ಎಂದಳು. ಹುಡುಗಿ ಪಾಸ್‌ಪೋರ್ಟನ್ನು ಮುಚ್ಚಿ ಅವನ ಕಡೆಗೆ ಸರಿಸಿ, ನನ್ನ ಪಾಸ್‌ಪೋರ್ಟಿಗಾಗಿ ಕೈ ಚಾಚಿದಳು. ನಾನು ಕೊಡಲಿಲ್ಲ.

ಅವನಿಗೆ ಯಾವ ಗಳಿಗೆಯಲ್ಲಿ ತಿಳಿಯಿತೋ ನಾನರಿಯೆ. ಕಣ್ಣು ಮೊದಲು ನಿಂತಿತು. ಅದು ಕ್ಲೈವ್‌ನ ಮುಖದಲ್ಲಿ ತಮಾಷೆಯ ಎಳೆಯೊಂದನ್ನು ಹುಡುಕಿ ಹುಡುಕಿ, ಸಿಗದೆ, ಅಲ್ಲೇ ನಿಂತಿತು. ಬಾಯಿ ಮಾತ್ರ ನಿಲ್ಲಲಿಲ್ಲ. ನಕ್ಕವರೆಲ್ಲ ಒಬ್ಬೊಬ್ಬರಾಗಿ ಸುಮ್ಮನಾದರು. ಡೆಸ್ಮಂಡ್ ಪೆಟ್ಟಿಗೆಯ ಮೇಲೆ ಕುಸಿದು ಕೂತು, ಎರಡು ಕೈಯಲ್ಲೂ ಹೊಟ್ಟೆ ಹಿಡಿದುಕೊಂಡು, ಆ ಇಡೀ ಹಜಾರ ತಿರುಗಿ ನೋಡುವಂತೆ, ಒಬ್ಬನೇ ಜೋರಾಗಿ ನಗುತ್ತಿದ್ದ.