ಸೊಸೆಯ ಹೊಸ ಮಡಿ

ಫ್ರಿಜ್ಜಿನ ನೆತ್ತಿಯ ಮೇಲಿದ್ದ ಮೊಬೈಲು ಒದರುತ್ತಲೇ ಇತ್ತು. ಅಂತಿಂಥ ಒದರಾಟವಲ್ಲ ಅದು. ಆಂಬುಲೆನ್ಸಿಗೂ ಐಸ್‌ಕ್ರೀಂ ಗಾಡಿಗೂ ಹುಟ್ಟಿದ ಕೂಸು ಹಸಿದು ಅತ್ತ ಹಾಗೆ. ಚೆನ್ನೈನ ಅಡ್ಯಾರಿನ ಆ ಎರಡನೇ ಮಹಡಿಯ ಫ್ಲಾಟಿನಲ್ಲಿ ಅದು ಶುರುವಾದರೆ ಅಲ್ಲಿ ಕಾಸಿಮೇಡಿನಲ್ಲಿ ಮೀನು ಹರಾಜು ಕೂಗುವವರು ಒಂದು ಗಳಿಗೆ ಬಾಯಿ ಮುಚ್ಚಿ ಕಿವಿಗೊಡುತ್ತಿದ್ದರು. ಒದರುವುದರ ಜೊತೆಗೆ ನಡುಗುತ್ತಲೂ ಇದ್ದುದರಿಂದ ಅದು ಏಡಿಯ ಹಾಗೆ ಅಡ್ಡಡ್ಡ ಹರಿದು ಫ್ರಿಜ್ಜಿನ ಅಂಚಿಗೆ ಬರುವಷ್ಟರಲ್ಲಿ ಬದರಿನಾಥರು ಪಂಚೆ ಎತ್ತಿಕೊಂಡು ಓಡಿಬಂದು ಹಿಡಿದರು.

"ಸುಮೇಧಾ, ನಿನ್ನ ಆಫೀಸಮ್ಮಾ. ಆ ಮ್ಯಾನೇಜರ್ ಮುರಳೀಧರ."

ಅಡಿಗೆಮನೆಯ ಹೊಸ್ತಿಲಲ್ಲಿ ನಿಂತಿದ್ದ ಸೊಸೆ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಕಚ್ಚೆ ಹಾಕಿ ಉಟ್ಟ ಮಡಿಸೀರೆ, ತುದಿಗಂಟು ಹಾಕಿದ ಒದ್ದೆ ಕೂದಲು. "ನಾನು ಮಡಿ ಮಾವ," ಎಂದಳು. "ಅವರಿಗೆ ಹಾಗೇ ಹೇಳ್ಬಿಡಿ."

ಒಲೆಯ ಮುಂದೆ ಸಾರು ಕದಡುತ್ತಿದ್ದ ಜಾನಕಮ್ಮನ ಸೌಟು ನಿಂತಿತು.

ಜಾನಕಮ್ಮನ ಮಡಿಗೆ ಮದರಾಸಿನಲ್ಲೇ ಜೋಡಿಯಿರಲಿಲ್ಲ. ತಿರುವಲ್ಲಿಕ್ಕೇಣಿಯ ಹಳೆಯ ಮನೆಯಲ್ಲಿ ಅವರು ಒಗೆದು ಹರವಿದ ಸೀರೆ ಕಂಡರೆ ಕಾಗೆಗಳು ಮರೀನಾದ ಮೇಲಿಂದ ಸುತ್ತು ಹಾಕಿಕೊಂಡು ಹೋಗುತ್ತಿದ್ದವು. ಅವರು ಮಡಿಯುಟ್ಟು ನಿಂತರೆ ಸಮುದ್ರದ ಗಾಳಿ ಕೂಡ ಅಪ್ಪಣೆ ಕೇಳಿ ಒಳಗೆ ಬರುತ್ತಿತ್ತು. ಗಂಡನಿಗೆ ಪೆನ್ಷನ್ನಿನ ಮೇಲೆ, ಮಗ ಕೌಶಿಕ್‌ಗೆ ಆಡಿಟ್ಟಿನ ತಿರುಗಾಟದ ಮೇಲೆ ಅಧಿಕಾರ. ಜಾನಕಮ್ಮನಿಗೆ ಇದ್ದದ್ದು ಈ ಅಡಿಗೆಮನೆ ಒಂದೇ. ಅದರ ಹೊಸ್ತಿಲು ಅವರ ರಾಜ್ಯದ ಗಡಿ.

ಸುಮೇಧಾಗೆ ಹಡಗಿನ ಸರಕು ಬಿಡಿಸುವ ಕಂಪನಿಯಲ್ಲಿ ಕೆಲಸ. ಇಡ್ಲಿಯನ್ನು ಬಸ್ಸಿನಲ್ಲೂ ಊಟವನ್ನು ಬಂದರಿನ ಕ್ಯಾಂಟೀನಿನಲ್ಲೂ ಮುಗಿಸುವವಳು. ಮದುವೆಯಾಗಿ ಬಂದ ಹೊಸತರಲ್ಲೇ "ಮಡಿ ಎಲ್ಲಾ ನಂಗಾಗಲ್ಲಮ್ಮ" ಎಂದು ನಗುತ್ತ ಹೇಳಿಬಿಟ್ಟಿದ್ದಳು. ಜಾನಕಮ್ಮ ಮೇಲ್ನೋಟಕ್ಕೆ ಮುಖ ಸಿಂಡರಿಸಿ ಒಳಗೊಳಗೇ ಖುಷಿಪಟ್ಟಿದ್ದರು. ಆಮೇಲೆ ಮೊಬೈಲಿಗೆ ಬರುವ ಇನ್‌ಕಮಿಂಗ್ ಕರೆಗೆ ದುಡ್ಡಿಲ್ಲವೆಂದಾಯಿತು, ಕಂಪನಿಯವರು ಅವಳಿಗೊಂದು ಮೊಬೈಲು ಕೊಟ್ಟರು. ಅದು ಬಂದ ತಿಂಗಳೊಪ್ಪತ್ತಿಗೆ ಸೊಸೆಗೆ ಮಡಿಯೂ ಬಂತು. ಎರಡನ್ನೂ ಕೂಡಿಸಿ ನೋಡುವ ವ್ಯವಧಾನ ಜಾನಕಮ್ಮನಿಗೆ ಇರಲಿಲ್ಲ. ಅವರ ಕಣ್ಣೆಲ್ಲ ಒಲೆಯ ಮೇಲಿತ್ತು.

"ಇದರಲ್ಲಿ ಏನೋ ಇದೆ," ಎಂದು ಗಂಡನ ಕಿವಿಯಲ್ಲಿ ದಿನಾ ಊದಿದರು. "ತಿರುವೊಟ್ಟಿಯೂರು ಫ್ಯಾಕ್ಟರಿ ಕ್ವಾರ್ಟರ್ಸ್‌ನಲ್ಲಿ ಬೆಳೆದ ಹುಡುಗಿ. ಸೈರನ್ ಕೂಗಿದ್ರೆ ಸ್ನಾನ, ಸೈರನ್ ಕೂಗಿದ್ರೆ ಊಟ. ಇವಳಿಗೆ ಎಲ್ಲಿಂದ ಬಂತು ಮಡಿ?"

"ಭಕ್ತಿ ಇರ್ಬಹುದೇ ಜಾನಕೀ."

"ಏಕಾದಶಿ ಯಾವತ್ತು ಅಂತ ಕೇಳಿ ನೋಡಿ, ಕ್ಯಾಲೆಂಡರ್ ಹುಡುಕ್ತಾಳೆ. ಸೀರಿಯಲ್ ನೋಡಲ್ವಾ ನೀವು? ಮೊದಲು ಸೊಸೆ ಪೂಜೆ ಶುರು ಮಾಡ್ತಾಳೆ. ಅಪ್ಪುರಂ ಬೀರು ಬೀಗದಕೈ ಕೇಳ್ತಾಳೆ."

ಬದರಿನಾಥರ ಚಿಂತೆ ಬೇರೆಯಿತ್ತು. "ಮಡಿ ಮಾಡ್ಲಿ, ಬೇಡ ಅನ್ನಲ್ಲ. ಆದರೆ ಫೋನ್ ಎತ್ತದೆ ಇರೋದು ತಪ್ಪು. ಅಪ್ಪ ಹೋದಾಗ ತಂತಿ ನನ್ನ ಕೈ ಸೇರೋಷ್ಟರಲ್ಲಿ ಎಲ್ಲಾ ಮುಗಿದಿತ್ತು. ಆಗ ಇಂಥದ್ದೊಂದು ಇದ್ದಿದ್ರೆ ಬಾಯಿಗೆ ಒಂದು ಉದ್ಧರಣೆ ನೀರು ಬಿಡ್ತಿದ್ದೆ. ಮನುಷ್ಯ ಅಂದ್ಮೇಲೆ ಕೂಗಿದಾಗ ಸಿಗ್ಬೇಕು."

ಗಂಡನಿಂದ ಕೆಲಸವಾಗದೆಂದು ಜಾನಕಮ್ಮನಿಗೆ ಗೊತ್ತಾಯಿತು. ಆದ್ದರಿಂದ ಅವರು ಸೊಸೆಯನ್ನೇ ಪರೀಕ್ಷೆಗೆ ಹಚ್ಚಿದರು. ಒಂದು ದಿನ ಅವಳು ತುಲಸಿಗೆ ನೀರು ಒಯ್ಯುವ ದಾರಿಯಲ್ಲಿ ಕೂದಲು ಸುತ್ತಿಕೊಂಡ ಹಳೆಯ ಬಾಚಣಿಗೆಯನ್ನು ಬೇಕೆಂದೇ ಬೀಳಿಸಿ, ಬಾಗಿಲ ಸಂದಿಯಲ್ಲಿ ಕಣ್ಣಿಟ್ಟು ಕಾದರು. ಸುಮೇಧಾ ಗೋಡೆಗಂಟಿಕೊಂಡು, ಸೀರೆಯ ನೆರಿಗೆ ಕೂಡ ತಾಗದ ಹಾಗೆ ದಾಟಿ ಹೋದಳು. ಉಡುಪಿಯ ಮಠದವರು ಕೂಡ ಅಷ್ಟು ಚೆನ್ನಾಗಿ ದಾಟುತ್ತಿರಲಿಲ್ಲ. ಜಾನಕಮ್ಮನ ಅನುಮಾನ ಅಂದು ದುಪ್ಪಟ್ಟಾಯಿತು.

ಇನ್ನೊಂದಿತ್ತು: ತುಲಸಿಯಿದ್ದ ತಾರಸಿಗೆ ಹೋದವಳು ಬೇಗ ಇಳಿಯುತ್ತಲೇ ಇರಲಿಲ್ಲ. ಚೆನ್ನೈಗೆ ಚೆನ್ನೈಯೇ ಲಾರಿ ನೀರಿಗೆ ಕೊಡ ಹಿಡಿದು ನಿಂತ ವರ್ಷ ಅದು. ತುಲಸಿಗೆ ಸಿಗುತ್ತಿದ್ದದ್ದು ಅರ್ಧ ಚೊಂಬು. ಅದನ್ನು ಸುರಿಯಲು ಅವಳು ತೆಗೆದುಕೊಳ್ಳುವ ಹೊತ್ತಿನಲ್ಲಿ ಕಾವೇರಿಯೇ ಗಡಿ ದಾಟಿ ಬಂದು ಮೂರೂ ಬೆಳೆಗೆ ನೀರುಣಿಸಿ ಹೋಗಬಹುದಿತ್ತು. ಮೇಲೆ ಏನು ಮಾಡುತ್ತಾಳೆ? ಯಾರೊಡನೆ ಮಾತಾಡುತ್ತಾಳೆ? ಒಂದು ಫೋನನ್ನು ಊರಿಗೆ ಕಾಣುವಂತೆ ಫ್ರಿಜ್ಜಿನ ಮೇಲಿಟ್ಟವಳು ಇನ್ನೊಂದನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡಿಲ್ಲವೆಂದು ಯಾರು ಹೇಳಬೇಕು?

ಈ ಬೆಳಿಗ್ಗೆಯೂ, ಮುರಳೀಧರನಿಗೆ ಮಡಿಯೆಂದು ಹೇಳಿಸಿ, ಸುಮೇಧಾ ಹೂಬತ್ತಿಗೆ ಹತ್ತಿ, ಚೊಂಬು ಹಿಡಿದು ಮೇಲೆ ಹೋದಳು. ಹೋದ ಬೆನ್ನಿಗೇ ಮೊಬೈಲು ಮತ್ತೆ ಒದರಿತು. ಜಾನಕಮ್ಮ ಒಲೆ ಆರಿಸಿದರು. ಹತ್ತಾರು ಮನೆಯವರ ಕೈ ತಾಗಿದ ಕಂಬಿಯನ್ನು ಮುಟ್ಟದೆ, ಎರಡೂ ತೋಳು ಅಗಲಿಸಿ, ಹಗ್ಗದ ಮೇಲೆ ನಡೆಯುವ ದೊಂಬರಾಕೆಯ ಹಾಗೆ ಮೆಟ್ಟಿಲು ಹತ್ತಿದರು.

ನೀರಿನ ಟ್ಯಾಂಕಿನ ನೆರಳಿನಲ್ಲಿ ಸುಮೇಧಾ ಗೋಡೆಗೊರಗಿ ಕಾಲು ಚಾಚಿ ಕುಳಿತಿದ್ದಳು. ಕೈಯಲ್ಲಿ ಫೋನಿರಲಿಲ್ಲ. ಪುಸ್ತಕವಿರಲಿಲ್ಲ. ಹತ್ತಿ ಒಯ್ದ ಹಾಗೇ ಉಂಡೆಯಾಗಿ ಬಿದ್ದಿತ್ತು. ತುಟಿ ಅಲುಗುತ್ತಿರಲಿಲ್ಲ, ಅಂದರೆ ಜಪವೂ ಅಲ್ಲ. ಜಾನಕಮ್ಮ ಟ್ಯಾಂಕಿನ ಹಿಂದೆಯೂ ಇಣುಕಿದರು. ಅಲ್ಲಿ ಒಂದು ಕಾಗೆಯಿತ್ತು, ಅದೂ ಸುಮ್ಮನಿತ್ತು.

"ಏನೇ ಮಾಡ್ತಿದೀಯ ಇಲ್ಲಿ?"

ಸುಮೇಧಾ ಗಡಬಡಿಸಿ ಕಾಲು ಮಡಚಿದಳು. "ಏನೂ ಇಲ್ಲಮ್ಮ. ಶುಮ್ಮಾ ಕೂತಿದೀನಿ."

"ಶುಮ್ಮಾ ಕೂರೋದಕ್ಕೆ ಮಡಿ ಯಾಕೆ?"

ಸೊಸೆ ಹತ್ತಿಯ ಉಂಡೆಯನ್ನು ಎತ್ತಿಕೊಂಡು ಎಳೆ ಎಳೆಯಾಗಿ ಬಿಡಿಸತೊಡಗಿದಳು. "ಮ್ಯಾನೇಜರ್‌ಗೆ ತಲೆನೋವು ಅಂದೆ, ಮಾತ್ರೆ ನುಂಗಿ ಮಾತಾಡಿ ಅಂದ್ರು. ಬಸ್ಸಲ್ಲಿದೀನಿ ಅಂದೆ, ನಿಂತ್ಕೊಂಡೇ ಹೇಳಿ ಅಂದ್ರು. ಸ್ನಾನ ಮಾಡ್ತಿದ್ರೆ ಮಾವ ಫೋನನ್ನ ಬಚ್ಚಲ ಬಾಗಿಲ ಕೆಳಗಿಂದ ತಳ್ಳಿದ್ರು. ಒಂದಿನ ಬಾಯಿಗೆ ಬಂತು, ಮಡೀಲಿದೀನಿ ಅಂದ್ಬಿಟ್ಟೆ. ಆ ಸಾರ್ ತಾಯಿನೂ ಮಡಿಯಂತೆ. ಅಯ್ಯೋ ಸಾರಿ ಅಂತ ಅವರೇ ಇಟ್ಬಿಟ್ರು." ಇನ್ನೊಂದು ಎಳೆ ಬಿಡಿಸಿ, "ನಿಮ್ಮ ಅಡಿಗೆಮನೆ ನಂಗೆ ಬೇಡಮ್ಮ," ಎಂದಳು. "ಈ ಒಂದು ಗಂಟೆ ಸಾಕು."

ಬೈಯಲು ಜಾನಕಮ್ಮನ ಬಾಯಲ್ಲಿ ಒಂದು ಲಾರಿಯಷ್ಟು ಮಾತಿತ್ತು. ದೇವರಿಗೇ ಮೋಸವೇ ಎಂದು ಶುರುಮಾಡಬೇಕೆಂದುಕೊಂಡರು. ಅಷ್ಟರಲ್ಲಿ ಎಲ್ಲಿಂದಲೋ ತಿರುವಲ್ಲಿಕ್ಕೇಣಿಯ ಹೊಗೆ ಹಿಡಿದ ಅಡಿಗೆಮನೆ ಕಣ್ಣಮುಂದೆ ಬಂತು. ಅವರ ಅತ್ತೆ ಹುಚ್ಚಮ್ಮ ಜಗಲಿಯಿಂದ ಕರೆದರೆ ಬೀದಿಯ ಹಸುಗಳೆಲ್ಲ ಎದ್ದು ನಿಲ್ಲುತ್ತಿದ್ದವು. ಜಾನಕೀ, ಕಾಲು ಒತ್ತು. ಜಾನಕೀ, ಬೀಸಣಿಗೆ. ಆ ಕೂಗು ಮಡಿಯ ಹೊತ್ತಿನಲ್ಲಿ ಮಾತ್ರ ಹೊಸ್ತಿಲ ಆಚೆಗೇ ನಿಲ್ಲುತ್ತಿತ್ತು. ಕುದಿದು ಮುಗಿದ ಸಾರನ್ನೇ ಸುಮ್ಮನೆ ಕದಡುತ್ತ ನಿಂತ ಎಷ್ಟೋ ಬೆಳಗುಗಳು.

ಮೆಟ್ಟಿಲ ಬಾಯಲ್ಲಿ ಬದರಿನಾಥರು ಏದುಸಿರು ಬಿಡುತ್ತ ಕಾಣಿಸಿಕೊಂಡರು. ಮೊಬೈಲನ್ನು ಪಂಚಪಾತ್ರೆಯಂತೆ ಎರಡೂ ಕೈಯಲ್ಲಿ ಹಿಡಿದಿದ್ದರು. "ಲೈನಲ್ಲೇ ಇದಾನೆ. ಮಡಿ ಅಂತ ಹೇಳಿದೆ. ಹಡಗು ಬಂದಿದೆ, ಒಂದೇ ನಿಮಿಷ ಅಂತಾನೆ. ತಗೋಮ್ಮ, ಕೆಲಸದ ವಿಷಯ, ಪರವಾಗಿಲ್ಲ."

ಸುಮೇಧಾ ಅತ್ತೆಯ ಮುಖ ನೋಡಿದಳು. ಗುಟ್ಟು ಹೇಳಿಯಾಗಿತ್ತು, ಇನ್ನು ಯಾವ ಮುಖದಲ್ಲಿ ಮಡಿಯೆನ್ನುವುದು? ಹತ್ತಿ ಕೆಳಗಿಟ್ಟಳು. ಕೈ ಮೆಲ್ಲಗೆ ಮುಂದೆ ಬಂತು.

ಅದಕ್ಕಿಂತ ಮೊದಲು ಇನ್ನೊಂದು ಕೈ ಮುಂದೆ ಬಂದಿತ್ತು. ಮದರಾಸು ಚೆನ್ನೈಯಾದಾಗಲೂ ಒಂದೆಳೆ ಸಡಿಲಾಗದ ಮಡಿ, ಕಾಗೆಗಳ ದಾರಿ ತಪ್ಪಿಸಿದ ಮಡಿ. ಅಂಥ ಮಡಿಯಲ್ಲಿದ್ದ ಜಾನಕಮ್ಮ ಬಸ್ಸು, ಬಂದರು, ಕ್ಯಾಂಟೀನು ಎಲ್ಲ ಸುತ್ತಿ ಬಂದಿದ್ದ ಆ ಮೊಬೈಲನ್ನು ಗಂಡನ ಕೈಯಿಂದ ಕಿತ್ತುಕೊಂಡು ತಲೆಕೆಳಗಾಗಿ ಕಿವಿಗಿಟ್ಟರು. ಬದರಿನಾಥರು ಬೆರಳು ತಿರುಗಿಸಿ ತೋರಿಸಿದ ಮೇಲೆ ಸರಿಯಾಗಿ ಹಿಡಿದರು. ಮುಂದಿನದೆಲ್ಲ ತಮಿಳಿನಲ್ಲಿ ನಡೆಯಿತು.

"ಯಾರಪ್ಪಾ ಅದು? ನಾನು ಅವಳ ಅತ್ತೆ. ಯಾರಾದ್ರೂ ಹೋಗ್ಬಿಟ್ರಾ?"

"ಅಯ್ಯೋ, ಇಲ್ಲ ಮಾಮಿ. ಹಡಗು ಬಂದಿದೆ, ಒಂದು ಸಣ್ಣ ಡೌಟು."

"ಬಂದು ನಿಂತಿದೆ ತಾನೇ?"

"ನಿಂತಿದೆ ಮಾಮಿ."

"ನಿಂತಿರ್ಲಿ. ಅವಳು ಮಡಿ. ನಾನೂ ಮಡೀಲೇ ಇದ್ದೆ, ನಿನ್ನ ದೆಸೆಯಿಂದ ಹೋಯ್ತು. ಲಾರಿ ನೀರು ನಿನ್ನ ಕಂಪನಿ ಕಳಿಸುತ್ತಾ?"

ಆ ಕಡೆ ಫೋನು ಇಟ್ಟ ಸದ್ದಾಯಿತು. ಜಾನಕಮ್ಮ ಮೊಬೈಲನ್ನು ಗಂಡನ ಕೈಗೆ ಹಾಕಿದರು. ಬದರಿನಾಥರು ಒಮ್ಮೆ ಅದನ್ನೂ ಒಮ್ಮೆ ಹೆಂಡತಿಯನ್ನೂ ನೋಡಿದರು. "ಮುಟ್ಬಿಟ್ಯಲ್ಲೇ ಜಾನಕೀ."

"ಮುಟ್ಟಿದೆ. ನೀವು ಕೆಳಗೆ ಹೋಗಿ. ನೀವು ಹೇಳ್ತೀರಲ್ಲ, ಅಂಥ ಸುದ್ದಿ ಬಂದ್ರೆ ಮಾತ್ರ ಹತ್ತಿ ಬನ್ನಿ."

ಅವರು ಮೊಬೈಲು ಹಿಡಿದು ಇಳಿದು ಹೋದರು. ತಾರಸಿಯ ಮೂಲೆಯಲ್ಲಿ ಸಂಜೆಗೆಂದು ತುಂಬಿಟ್ಟಿದ್ದ ಬಕೆಟ್ಟಿನ ಬಳಿ ಜಾನಕಮ್ಮ ಉಟ್ಟ ಸೀರೆಯಲ್ಲೇ ಕುಕ್ಕರಗಾಲಿನಲ್ಲಿ ಕುಳಿತರು. ಸುಮೇಧಾ ನೀರು ಹಾಕಲು ಏಳಹೋದಳು.

"ನೀ ಕೂತ್ಕೋ. ಮುಟ್ಟೀಯ."

ಅರ್ಧ ಬಕೆಟ್ಟು ತಲೆಯ ಮೇಲಿಂದ ಇಳಿದು ತಾರಸಿಯ ಮೇಲೆ ಹರಿಯಿತು. ಅಂಥ ವರ್ಷದಲ್ಲಿ ಅಷ್ಟು ನೀರು ಕಂಡು ಕಾಗೆ ಕೂಡ ಎದ್ದು ಬಂತು. ಜಾನಕಮ್ಮ ಸೆರಗು ಹಿಂಡಿಕೊಂಡು ಟ್ಯಾಂಕಿನ ಈ ಮಗ್ಗುಲಿಗೆ, ಸೊಸೆಯಿಂದ ಒಂದು ಮಾರು ದೂರ ಬಿಟ್ಟು, ಗೋಡೆಗೊರಗಿದರು. ಕಾಲು ಚಾಚಿದರು.

ಕೆಳಗಿನಿಂದ ಬದರಿನಾಥರ ದನಿ ಕೇಳಿಸಿತು. "ಜಾನಕೀ, ಸಾರು ಆಗಿದ್ಯಾ, ಇನ್ನೂ ಕುದೀಬೇಕಾ?"

ಸುಮೇಧಾ ತಿರುಗಿ ನೋಡಿದಳು. ಜಾನಕಮ್ಮ ಕಾಗೆ ನೀರು ಕುಡಿಯುವುದನ್ನು ನೋಡುತ್ತಿದ್ದರು. ಕೂಗು ಇನ್ನೊಂದು ಸಲ ಮೆಟ್ಟಿಲು ಹತ್ತಿ ಬಂತು. ಒದ್ದೆ ನೆಲ ಅಂಚಿನಿಂದ ಒಣಗುತ್ತ ಬಂದಿತ್ತು.