ನಾಲ್ಕನೆಯ ಹಿತ್ತಾಳೆ

"ವಾಲ್ತು! ಅತ್ತಿಗೆ, ವಾಲ್ತು!"

ನಾದಿನಿ ಕೂಗುವ ಮೊದಲೇ ಅತ್ತಿಗೆಗೆ ಅದು ಕಂಡಿತ್ತು. ಸೋಲ್ಡರಿಂಗ್ ಕಡ್ಡಿಯ ಬಿಸಿಗೆ ಪ್ಲಾಸ್ಟಿಕ್ಕನ್ನು ಕರಗಿಸುತ್ತ ರಂಧ್ರದೊಳಕ್ಕೆ ಇಳಿಯುತ್ತಿದ್ದ ಪುಟ್ಟ ಹಿತ್ತಾಳೆ ಬುಷ್, ಅಂದರೆ ಸ್ಕ್ರೂ ಹಿಡಿಯುವ ಕೊಳವೆ, ಅರ್ಧ ದಾರಿಯಲ್ಲಿ ಕತ್ತು ಹೊರಳಿಸಿ ನಿಂತುಬಿಟ್ಟಿತ್ತು. ಅವಳು ಕಡ್ಡಿಯನ್ನು ಸರಕ್ಕನೆ ಮೇಲೆತ್ತಿದಳು. ಅಡುಗೆಮನೆಯ ತುಂಬ ಕಮಟು ವಾಸನೆ.

ಮೇಜಿನ ಮೇಲಿದ್ದುದು ಒಂದು ಕಪ್ಪು ಬಟ್ಟಲು. ನಾದಿನಿಯ ಎಡಗೈ ಹುಟ್ಟಿನಿಂದಲೇ ಮಣಿಕಟ್ಟಿಗೆ ಮುಗಿದಿತ್ತು. ಆ ಕೈ ಕೂರಲೆಂದು ಅಳತೆ ತೆಗೆದು, ಅತ್ತಿಗೆ ತನ್ನ ರಿಪೇರಿ ಅಂಗಡಿಯ ತ್ರೀಡಿ ಪ್ರಿಂಟರ್ ಯಂತ್ರದಲ್ಲಿ ಪ್ಲಾಸ್ಟಿಕ್ಕಿನಿಂದ ಪದರಪದರವಾಗಿ ಅಚ್ಚು ತೆಗೆದದ್ದು. ನಾಲ್ಕು ಬುಷ್‌ಗಳೊಳಗೆ ನಾಲ್ಕು ಸ್ಕ್ರೂ ಬಿಗಿದರೆ ಬಟ್ಟಲು ಸೈಕಲ್ಲಿನ ಹ್ಯಾಂಡಲ್ ಮೇಲೆ ಗಟ್ಟಿ. ಒಂದು ಸಡಿಲವಾದರೂ ಇಳಿಜಾರಿನ ತಿರುವಿನಲ್ಲಿ ಹುಡುಗಿ ನೆಲಕ್ಕೆ. ಅವಳ ಮೊದಲ ರೇಸು ಇನ್ನು ಸ್ವಲ್ಪ ಹೊತ್ತಿನಲ್ಲೇ. ಇನ್ನೊಂದು ಬಟ್ಟಲು ಅಚ್ಚಾಗಲು ಹಗಲಿಡೀ ಬೇಕು.

"ಮೂರು ಸರಿಯಾಗಿ ಕೂತಿದ್ಯಲ್ಲ," ಎಂದ ಗಂಡ, ಬಾಗಿಲಿಗೆ ಒರಗಿ. "ನಾಲ್ಕನೇದಕ್ಕೆ ಒಂದಿಷ್ಟು ಅಂಟು ಹಾಕಿದ್ರೆ?"

"ಹಾಕ್ತೀನಿ, ನಿಮ್ಮ ಬಾಯಿಗೆ."

ಆಗಲೇ ಹಳದಿ ಹೆಲ್ಮೆಟ್ ತೊಟ್ಟು ನಿಂತಿದ್ದ ನಾದಿನಿ ನಗಲಿಲ್ಲ. "ಹೋಗ್ಲಿ ಬಿಡಿ ಅತ್ತಿಗೆ. ಮುಂದಿನ ವರ್ಷ ನೋಡೋಣ."

"ಹೆಲ್ಮೆಟ್ ತೆಗೆದು ಹೇಳು ಆ ಮಾತನ್ನ."

"ತೆಗೆಯಲ್ಲ."

"ಹಾಗಾದ್ರೆ ಸುಮ್ನಿರು!"

ಅತ್ತಿಗೆ ಡಬ್ಬಿಯ ಮುಚ್ಚಳ ತೆರೆದು ಉದ್ದನೆಯ ಬೋಲ್ಟೊಂದನ್ನು ಹೆಕ್ಕಿದಳು. ಅದನ್ನು ವಾಲಿದ ಬುಷ್‌ನೊಳಗೆ ತಿರುಗಿಸಿದಾಗ, ಗಾಳಿಗೆ ಬಗ್ಗಿದ ಕಂಬದಂತೆ ನಿಂತಿತು. "ಆ ಎಲ್ ಆಕಾರದ ಮೂಲೆಮಟ್ಟ ಹಿಡೀರಿ ಪಕ್ಕದಲ್ಲಿ. ಬಾಯಿಗಾದ್ರೂ ಕೆಲಸ ಸಿಗ್ಲಿ, ಎಷ್ಟು ವಾಲಿದೆ ಹೇಳಿ."

ಬಿಸಿ ತುದಿಯನ್ನು ಬೋಲ್ಟಿನ ಬುಡಕ್ಕೆ ತಾಗಿಸಿದಳು. ಒತ್ತಬೇಕೆಂದು ಕೈ ತವಕಿಸಿತು. ಮೊದಲು ಕೆಡಿಸಿದ್ದೂ ಆ ತವಕವೇ. ತುಟಿ ಕಚ್ಚಿ ಕಾದಳು. ಏನೂ ಆಗಲಿಲ್ಲ. ಮತ್ತೂ ಕಾದಳು. ಇಕ್ಕಳದಲ್ಲಿ ಹಿಡಿದಿದ್ದ ಬೋಲ್ಟು ತಟಕ್ಕನೆ, ನಿದ್ದೆಯಲ್ಲಿ ಮಗ್ಗುಲು ಬದಲಿಸಿದಂತೆ, ಅಲುಗಿತು. ಪ್ಲಾಸ್ಟಿಕ್ ಮೆತ್ತಗಾಗಿತ್ತು; ಇಕ್ಕಳವನ್ನು ಮೆಲ್ಲಗೆ ಓರೆ ಮಾಡಿದಳು.

"ಎಡಕ್ಕೆ... ಇನ್ನೂ... ಒಂದು ಕೂದಲೆಳೆ..." ಗಂಡನ ಸ್ವರ ಏರಿತು. "ನೆಟ್ಟಗೆ! ನೆಟ್ಟಗಾಯ್ತು ಕಣೇ!"

ಆರಿದ ಮೇಲೆ ಬೋಲ್ಟನ್ನು ಬಿಚ್ಚಿ, ಬುಷ್‌ನ ಮೇಲೆ ಮತ್ತೆ ಕಡ್ಡಿಯಿಟ್ಟಳು. ಈ ಸಲ ಒತ್ತಲೇ ಇಲ್ಲ. ಕಡ್ಡಿಯ ಭಾರಕ್ಕೇ ಬಿಟ್ಟಳು. ಹಿತ್ತಾಳೆ ಮೆಲ್ಲಗೆ, ನೇರವಾಗಿ ಮುಳುಗಿತು. ಅಂಚು ಮಟ್ಟವಾಗುವ ತುಸು ಮುಂಚೆ ಕಡ್ಡಿಯನ್ನೆತ್ತಿ, ಡಬ್ಬಿಯ ಉಕ್ಕಿನ ಮುಚ್ಚಳವನ್ನು ಅದರ ಮೇಲಿಟ್ಟು, ಪ್ಲಾಸ್ಟಿಕ್ ಗಟ್ಟಿಯಾಗುವ ತನಕ ಹೆಬ್ಬೆರಳಿನಿಂದ ಅದುಮಿ ಹಿಡಿದಳು.

ಅಂಗಳದಲ್ಲಿ ನಾಲ್ಕು ಸ್ಕ್ರೂಗಳೂ ಬಿಗಿದವು. ನಾದಿನಿ ಬಟ್ಟಲಿಗೆ ಕೈಯಿಟ್ಟು ಮೈಭಾರವನ್ನೆಲ್ಲ ಹಾಕಿ ಎಳೆದಳು, ತಳ್ಳಿದಳು, ತಿರುಚಿದಳು. ಕಿರ್ರೆನ್ನುವ ಸದ್ದೂ ಇಲ್ಲ.

"ಅತ್ತಿಗೇ!" ಎಂದಷ್ಟೇ ಅಂದಳು.

ರೇಸು ಹೊರಡುವ ಜಾಗದಲ್ಲಿ ಸೀಟಿ ಊದಿದಾಗ ಸೈಕಲ್ಲುಗಳ ಹಿಂಡು ಬಾಣ ಬಿಟ್ಟಂತೆ ಹೊರಟಿತು. ಗಂಡ ಬೇಲಿ ಹತ್ತಿ ಕಿರುಚುತ್ತಿದ್ದ. ಇಳಿಜಾರಿನ ತಿರುವಿನಲ್ಲಿ ಹಳದಿ ಹೆಲ್ಮೆಟ್ಟೊಂದು ಎಡಕ್ಕೆ ಬಾಗಿತು, ಮತ್ತಷ್ಟು ಬಾಗಿತು, ಮರಗಳ ಆಚೆ ನೆಟ್ಟಗೆದ್ದು ಮಿಂಚಿತು.

ಅತ್ತಿಗೆ ಡಬ್ಬಿಯ ಮುಚ್ಚಳವನ್ನು ಕಿಸೆಗೆ ಹಾಕಿಕೊಂಡೇ ಬಂದಿದ್ದಳು. ಅದನ್ನು ಅವಳ ಹೆಬ್ಬೆರಳು ಇನ್ನೂ ಅದುಮಿ ಹಿಡಿದೇ ಇತ್ತು.